ಪವರ್ ಹೆಚ್ಚಾದರೆ ಸಿಗ್ನಲ್ ಕೆಡುತ್ತೆ!

ರಾತ್ರಿ ಅಮ್ಮನ ಜೊತೆ ವಿಡಿಯೋ ಕಾಲ್ ಮಾಡ್ತೀವಲ್ಲ, ಆ ಮಾತು ಊರಿಂದೂರಿಗೆ ಹೋಗೋದು ಕೂದಲೆಳೆಯಂಥ ಗಾಜಿನ ಫೈಬರ್‌ನಲ್ಲಿ, ಬೆಳಕಾಗಿ. ಒಂದೇ ಎಳೆಯಲ್ಲಿ ಕಣ್ಣಿಗೆ ಕಾಣದ ಹತ್ತಾರು ಬಣ್ಣ, ಬಣ್ಣಕ್ಕೊಂದು ಚಾನೆಲ್.

ದೂರ ಹೋಗಲಿ ಅಂತ ಪವರ್ ಏರಿಸಿದರೆ ಗಾಜಿನ ವಕ್ರೀಭವನ ಗುಣವೇ ತುಸು ಬದಲಾಗುತ್ತೆ. ಇದು ಕೆರ್ ಪರಿಣಾಮ. ಆಗ ಬಣ್ಣಗಳು ಬೆರೆತು ಹೊಸ ಬಣ್ಣ ಹುಟ್ಟುತ್ತೆ. ಹೆಸರು ಫೋರ್ ವೇವ್ ಮಿಕ್ಸಿಂಗ್. ಲೆಕ್ಕ ಸುಲಭ: 193.1, 193.2, 193.3 ಟೆರಾಹರ್ಟ್ಜ್ ಚಾನೆಲ್‌ಗಳಿವೆ ಅನ್ನಿ. ಕೊನೆಯೆರಡನ್ನು ಕೂಡಿಸಿ ಮೊದಲನೆಯದನ್ನು ಕಳೆದರೆ 193.4. ಅಲ್ಲಿ ಆಗಲೇ ಇನ್ನೊಂದು ಚಾನೆಲ್ ಇದ್ದರೆ ಅದರ ಡೇಟಾಗೆ ಕುತ್ತು.

ಬಣ್ಣಕ್ಕೊಂದು ವೇಗವಿದ್ದರೆ ಸಿಗ್ನಲ್ ಹರಡಿ ಮಸುಕಾಗುತ್ತೆ. ಇದೇ ಡಿಸ್ಪರ್ಶನ್. 1550 ನ್ಯಾನೊಮೀಟರ್ ಬಳಿ ಇದನ್ನು ಸೊನ್ನೆಗಿಳಿಸಿದ ಫೈಬರನ್ನು ಜಪಾನ್ ಬಹಳಷ್ಟು ಹಾಕಿತ್ತು. ಒಂದೇ ಚಾನೆಲ್ಲಿಗೆ ಅದು ವರ. ಹಲವು ಚಾನೆಲ್ ಬಂದಾಗ? ಒಂದೇ ವೇಗದಲ್ಲಿ ಜೊತೆಯಾಗಿ ಸಾಗುವ ಬಣ್ಣಗಳು ಇನ್ನೂ ಹೆಚ್ಚು ಬೆರೆಯತೊಡಗಿದವು.

ಬೆಲ್ ಲ್ಯಾಬ್ಸ್‌ನ ಆಂಡ್ರ್ಯೂ ಕ್ರಾಪ್ಲಿವಿ ಮತ್ತು ರಾಬರ್ಟ್ ಟ್ಕಾಚ್, ಬೇಕಂತಲೇ ತುಸು ಡಿಸ್ಪರ್ಶನ್ ಉಳಿಸಿದ ಫೈಬರ್ ರೂಪಿಸಿದರು. 2009ರಲ್ಲಿ ಇಬ್ಬರಿಗೂ ಮಾರ್ಕೊನಿ ಪ್ರಶಸ್ತಿ ಬಂತು.

ಸಿಕ್ಕ ಬಗ್ ಎಲ್ಲ ಕಿತ್ತುಹಾಕೋದೇ ನನ್ನ ಕೆಲಸ. ಇಲ್ಲಿ ಮಾತ್ರ, ಪೂರ್ತಿ ಕಿತ್ತಿದ್ದೇ ತಪ್ಪಾಗಿತ್ತು.