ಹೆಬ್ಬಾಗಿಲ ವಹಿಯೂ ಮನೆಯ ಬೀಗವೂ

ಕೋಥರೂಡದ ಪೌಡ ರಸ್ತೆಯ ಮಗ್ಗುಲಿನ ನಮ್ಮ ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ನನು ರಟ್ಟು ಹರಿದ ವಹಿಯೊಂದನ್ನಿಟ್ಟುಕೊಂಡು, ಬಂದವರಿಂದ ಹೆಸರು, ಮನೆಯ ಸಂಖ್ಯೆ, ವೇಳೆಗಳನ್ನು ಬರೆಯಿಸಿಕೊಂಡು ಒಳಗೆ ಬಿಡುತ್ತಾನೆ; ಹಾಗೆ ಬರೆದ ಮಾತ್ರಕ್ಕೆ ಮೂರನೆಯ ಮಹಡಿಯವರ ಕಪಾಟನ್ನು ತೆರೆಯುವ ಹಕ್ಕು ತನಗೆ ಪ್ರಾಪ್ತವಾಯಿತೆಂದು ಯಾರೂ ಭಾವಿಸರು. ಇಷ್ಟು ವಿಶದವಾದ ಭೇದವು ಜಾಲತಾಣಗಳನ್ನು ಕಟ್ಟುವವರಲ್ಲಿ ಮಸುಕಾಗಿ, 'ಲಾಗಿನ್ ಇದೆಯಲ್ಲ, ಇನ್ನೇನು ಭಯ?' ಎಂಬ ನಂಬಿಕೆಯಾಗಿ ಬೇರೂರಿರುವುದು ಸೋಜಿಗ.

ಮೇಂಟೆನೆನ್ಸ್ ರಸೀದಿಗಳನ್ನು ತೋರಿಸುವ ತಾಣವೊಂದರಲ್ಲಿ, ವಿಳಾಸದ ತುದಿಯಲ್ಲಿದ್ದ 412ನ್ನು ನಾನೊಮ್ಮೆ ಕೈತಪ್ಪಿ 413 ಎಂದು ಒತ್ತಲು, ನೆರೆಮನೆಯವರ ಬಾಕಿಯು ಪೈಸೆಸಹಿತವಾಗಿ ಕಣ್ಣೆದುರು ತೆರೆಯಿತು. ತಾಣವನ್ನು ಕಟ್ಟಿದವರಿಗೆ ತಿಳಿಸಿದೆನು, ಅವರು ವಿಳಾಸಪಟ್ಟಿಯಿಂದ ಸಂಖ್ಯೆಯನ್ನು ಮರೆಮಾಡಿ, ಬೇರೆಯವರ ರಸೀದಿಯ ಬಟನ್ನನ್ನೂ ತೆಗೆದುಹಾಕಿ ಕೃತಾರ್ಥರಾದರು. ಕಾಣದುದನ್ನು ಮುಟ್ಟಲಾಗದೆಂಬುದು ಎರಡನೆಯ ಭ್ರಮೆ. ತಾಣವನ್ನು ನಡೆಸುವ ಸರ್ವರ್ ಯಂತ್ರಕ್ಕೆ ಬಟನ್ನಿನ ಗೊಡವೆಯೇ ಇಲ್ಲ. ಅದರ ಬಳಿಗೆ ಹೋಗುವುದು ಬೇಡಿಕೆಯೊಂದೇ, ಅದನ್ನು ಯಾರು ಬೇಕಾದರೂ ಕೈಯಾರೆ ಬರೆದು ಕಳುಹಿಸಬಹುದು.

ಅಮೆರಿಕದ ಕ್ಯಾನ್ಸಸ್ ಪ್ರಾಂತದ ವೃತ್ತಪತ್ರಿಕೆಯೊಂದರ ಕಚೇರಿಯಲ್ಲಿ ಹುಟ್ಟಿ 2005ರಲ್ಲಿ ಸಾರ್ವಜನಿಕರ ಕೈಸೇರಿದ ಜಾಂಗೊ ಎಂಬ, ಜಾಲತಾಣಗಳನ್ನು ಕಟ್ಟುವ ಚೌಕಟ್ಟಿನಲ್ಲಿ 'ಲಾಗಿನ್ ರಿಕ್ವೈರ್ಡ್' ಎಂಬ ಒಂದು ಸಾಲು ಕೇಳುವುದು 'ನೀನು ಯಾರು?' ಎಂಬಷ್ಟನ್ನೇ, 'ಪರ್ಮಿಷನ್ ರಿಕ್ವೈರ್ಡ್' ಎಂಬುದು ಮುಂದುವರಿದು, ರಸೀದಿಗಳೆಂಬ ಜಾತಿಯನ್ನೇ ನೋಡುವ ಅಧಿಕಾರವುಂಟೆ ಎಂದು ವಿಚಾರಿಸುತ್ತದೆ, ಆದರೆ 'ಈ 413 ನಿನ್ನದೇ?' ಎಂಬ ಪ್ರಶ್ನೆಯು ಕಟ್ಟುವವನ ಹೊಣೆ. ಇಂತಹ ಲೋಪಗಳ ಬಾಹುಳ್ಯದಿಂದಲೇ ಜಾಲತಾಣಗಳ ಸುರಕ್ಷತೆಗೆ ದುಡಿಯುವ ಓವಾಸ್ಪ್ ಸಂಸ್ಥೆಯ 2021ರ ಅಪಾಯಪಟ್ಟಿಯಲ್ಲಿ ಅಧಿಕಾರನಿಯಂತ್ರಣದ ವೈಫಲ್ಯವು ಮೊದಲ ಸ್ಥಾನ ಪಡೆಯಿತು. ಗುರುತನ್ನೂ ಅಧಿಕಾರವನ್ನೂ ಒಂದೆಂದೆಣಿಸುವ ಈ ಗೊಂದಲಕ್ಕೆ, ಸರ್ವರಿನ ಉತ್ತರಸಂಖ್ಯೆಗಳನ್ನು ನಿಗದಿಮಾಡಿದ ಶಾಸ್ತ್ರಕಾರರೂ ತಕ್ಕಮಟ್ಟಿಗೆ ಕಾರಣರು: ಗುರುತು ತಿಳಿಯದವನಿಗೆ ಕೊಡುವ 401ರ ಹೆಸರು 'ಅನಧಿಕೃತ', ಗುರುತು ತಿಳಿದೂ ಅಧಿಕಾರವಿಲ್ಲದವನಿಗೆ ಕೊಡುವ 403ರ ಹೆಸರು 'ನಿಷಿದ್ಧ'.

ಪಾಸ್‌ವರ್ಡ್ ಗಟ್ಟಿಯಾಗಿದ್ದರೆ ಸಾಕೆಂಬುದೂ ಅರ್ಧಸತ್ಯ. ಪಾಸ್‌ವರ್ಡನ್ನು ಒಮ್ಮೆ ಒಪ್ಪಿಸಿದ ಮೇಲೆ ಸರ್ವರ್ ನೋಡುವುದು ತಾನೇ ಕೊಟ್ಟ ಕುಕಿಯೆಂಬ ಗುರುತುಚೀಟಿಯನ್ನು. ಜಾಂಗೊ ಅದಕ್ಕೆ, ಬೇರೆ ಹೇಳದಿದ್ದರೆ, ಎರಡು ವಾರಗಳ ಆಯುಸ್ಸನ್ನು ಕೊಡುತ್ತದೆ. ಶಾಕುಂತಲದ ಬೆಸ್ತನ ಕೈಯಲ್ಲಿ ರಾಜಮುದ್ರಿಕೆಯಿದ್ದಾಗ ಕಾವಲುಗಾರರು ಅವನನ್ನು ಕಳ್ಳನೆಂದು ಹಿಡಿದರು. ಸರ್ವರ್ ಆದರೋ ಕುಕಿಯೆಂಬ ಮುದ್ರಿಕೆ ತಂದವನನ್ನೇ ಶಕುಂತಲೆಯೆಂದು ಬರಮಾಡಿಕೊಳ್ಳುತ್ತದೆ. ಜಾಂಗೊದಲ್ಲಿ, ಬೇರೆ ಹೇಳದಿದ್ದರೆ, ಲಾಗ್‌ಔಟ್ ಮಾಡಿದಾಗ ಆ ಮುದ್ರಿಕೆ ಸರ್ವರಿನಲ್ಲಿಯೇ ನಿರರ್ಥಕವಾಗುವುದು.

ನಮ್ಮ ರಸೀದಿಯ ತಾಣವನ್ನು ಕಡೆಗೆ ಸರಿಪಡಿಸಿದವನು ಎಲ್ಲ ರಸೀದಿಗಳಲ್ಲಿ 413ನ್ನು ಹುಡುಕುವ ಬದಲು, ಲಾಗಿನ್ ಆದವನ ರಸೀದಿಗಳಲ್ಲಿ ಮಾತ್ರ ಹುಡುಕುವಂತೆ ಒಂದೇ ಸಾಲನ್ನು ತಿದ್ದಿದನು. ಈಗ ಆ ಸಂಖ್ಯೆಯನ್ನು ಒತ್ತಿದರೆ 'ನಿಷಿದ್ಧ' ಎಂಬ ಉತ್ತರವೂ ಬಾರದು, ಅಂತಹ ರಸೀದಿಯೇ ಇಲ್ಲವೆಂಬ 404 ಬರುತ್ತದೆ.