ಅಂಕಪಟ್ಟಿ ನೋಡಿ ಕೊಡುವ ನೆರವು

2011ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಮಿಲೇನಿಯಂ ಚಾಲೆಂಜ್ ಕಾರ್ಪೊರೇಷನ್ ಆಫ್ರಿಕಾದ ಮಲಾವಿಗೆ ಸುಮಾರು 35 ಕೋಟಿ ಡಾಲರ್ ಕೊಡಲು ಒಪ್ಪಂದ ಮಾಡಿಕೊಂಡಿತು. ಅದು ಸಾಲವಲ್ಲ, ಹಳೆಯ ವಿದ್ಯುತ್ ಜಾಲ ಸರಿಪಡಿಸಲು ಕೊಟ್ಟ ಅನುದಾನ. ಜುಲೈನಲ್ಲಿ ಅಲ್ಲಿನ ಸರ್ಕಾರದ ವಿರುದ್ಧ ಬೀದಿಗಿಳಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸುಮಾರು 20 ಮಂದಿ ಸತ್ತರು. ನೆರವು ನಿಂತಿತು. 2004ರಲ್ಲಿ ಹುಟ್ಟಿದ ಈ ಸಂಸ್ಥೆ ಬಡ ದೇಶಗಳಿಗೆ ವರ್ಷಕ್ಕೊಮ್ಮೆ ಅಂಕ ಹಾಕುತ್ತದೆ. 20 ವಿಷಯಗಳಲ್ಲಿ ಅರ್ಧದಷ್ಟಾದರೂ ಪಾಸಾಗಬೇಕು. ಲಸಿಕೆ, ಶಾಲೆಗಳ ಲೆಕ್ಕದಲ್ಲಿ ಎಷ್ಟೇ ಮುಂದಿದ್ದರೂ ಭ್ರಷ್ಟಾಚಾರ ನಿಯಂತ್ರಣದಲ್ಲಿ ಫೇಲಾದರೆ ಸಾಮಾನ್ಯವಾಗಿ ಬಾಗಿಲು ಮುಚ್ಚಿದಂತೆಯೇ.

ಆಳುವವರ ತಪ್ಪಿಗೆ ಬಡವರ ಮನೆಯ ದೀಪ ಆರಬೇಕೇ ಎಂಬುದು ನ್ಯಾಯವಾದ ಆಕ್ಷೇಪ. ಆದರೆ ಗುಂಡು ಹಾರಿಸಿದ ಸರ್ಕಾರಕ್ಕೂ ಹಣ ಹರಿಯುತ್ತಲೇ ಇದ್ದರೆ ಸತ್ತವರ ಪರವಾಗಿ ಕೇಳುವವರು ಯಾರು? ನನಗೆ ಒಪ್ಪಿಗೆಯಾಗದ್ದು ಬೇರೆ. ಅಂಕವನ್ನು ಅಷ್ಟೇ ಆದಾಯದ ಬೇರೆ ದೇಶಗಳ ಜೊತೆ ಹೋಲಿಸಿ ಕೊಡುವುದರಿಂದ, ತಾನು ಕೆಡದಿದ್ದರೂ ಆ ದೇಶಗಳು ಸುಧಾರಿಸಿದವೆಂದೇ ದೇಶವೊಂದು ಫೇಲಾಗಬಹುದು. ಈ ನಿಯಮ ಬದಲಾಗಲೇಬೇಕು. ಇನ್ನು ಷರತ್ತೇ ಬೇಡ ಎನ್ನುವವರು ಮಲಾವಿಯ ಮುಂದಿನ ಕಥೆಯನ್ನೂ ನೋಡಲಿ: 2012ರಲ್ಲಿ ಅಧ್ಯಕ್ಷೆಯಾದ ಜಾಯ್ಸ್ ಬಂಡಾ ಕಾಲದಲ್ಲಿ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ರದ್ದಾಯಿತು, ಜೂನ್‌ನಲ್ಲಿ ನೆರವು ಮರಳಿತು, 2018ರಲ್ಲಿ ಯೋಜನೆ ಮುಗಿಯಿತು.