ಮಾದಲ ಹಣ್ಣಿನ ಲೆಕ್ಕ, ಎಕ್ಸ್ ವೈ ಇಲ್ಲದೆ

ಬಿ.ಎಡ್. ಕಾಲೇಜಿನಲ್ಲಿ ಗಣಿತ ಬೋಧನಾ ವಿಧಾನ ಹೇಳಿಕೊಡೋದು ನನ್ನ ಕೆಲಸ. ಕೇಳಿದವರು "ಓ, ಲೆಕ್ಕದ ಮೇಡಂ" ಅಂದುಬಿಡ್ತಾರೆ. ನಿಜ ಹೇಳಬೇಕೆಂದರೆ ನಾನು ಲೆಕ್ಕ ಕಲಿಸುವುದು ಕಡಿಮೆ. ನನ್ನ ಮುಂದೆ ಕೂರುವವರು ಬಿ.ಎಸ್ಸಿ.ಯಲ್ಲಿ ಕ್ಯಾಲ್ಕುಲಸ್ ಮುಗಿಸಿ ಬಂದವರು. ಸೂತ್ರ ಕೊಟ್ಟರೆ ಸಾಕು, ಉತ್ತರ ತೆಗೆದು ಕೈಗಿಡ್ತಾರೆ. ಸೂತ್ರ ಕೊಡದಿದ್ದರೆ? ನನ್ನ ಪಾಠ ಶುರುವಾಗೋದೇ ಅಲ್ಲಿಂದ.

ಪ್ರತಿ ವರ್ಷ ಮೊದಲ ವಾರ ಒಂದು ಹಳೇ ಲೆಕ್ಕ ಕೊಡ್ತೀನಿ. ತುಂಬಾನೇ ಹಳೇದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದ್ದು. ಗ್ರಂಥ ಸಂಸ್ಕೃತದಲ್ಲಿದೆ, ಲೆಕ್ಕ ಮಾತ್ರ ನಮ್ಮ ಸಂತೆಯ ಥರಾನೇ ಇದೆ. 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲ ಸೇರಿದರೆ 101. ಒಂದೊಂದರ ಬೆಲೆ ಎಷ್ಟು?

ಎರಡೇ ನಿಮಿಷ. ಎಕ್ಸ್, ವೈ ಇಟ್ಟು ಬಿಡಿಸಿ ಮಾದಲ 8, ಬೇಲ 5 ಅಂತಾರೆ. ಸರಿಯುತ್ತರ. "ಸಮೀಕರಣ ಅಂದರೇನು ಅಂತ ಇನ್ನೂ ಗೊತ್ತಿಲ್ಲದ ಆರನೇ ಕ್ಲಾಸಿನ ಮಗು ಇದನ್ನ ಹೇಗೆ ಮಾಡಬಹುದು?" ಅಂತ ಕೇಳ್ತೀನಿ. ಕ್ಲಾಸು ಗಪ್ ಚುಪ್.

ಈ ಹೊತ್ತಿನಲ್ಲಿ ನಾನು ಬಾಯಿ ಬಿಡಬಾರದು. ಇಪ್ಪತ್ತು ನಿಮಿಷ ಒದ್ದಾಡಲಿ. "ಮೇಡಂ, ಮೆಥಡ್ ಹೇಳಿಬಿಡಿ, ಬರ್ಕೊಳ್ತೀವಿ" ಅಂತ ಯಾರಾದರೊಬ್ಬರು ಕೇಳೇ ಕೇಳ್ತಾರೆ. ತಡವರಿಸಿ ಅಭ್ಯಾಸವೇ ಇಲ್ಲದವರು ನಾಳೆ ತಡವರಿಸುವ ಮಗುವನ್ನು ಎರಡು ನಿಮಿಷವೂ ಸಹಿಸಲ್ಲ ಅನ್ನೋದು ನನ್ನ ಅನುಭವ. ಅದಕ್ಕೇ ಉತ್ತರ ಹೇಳಲ್ಲ, ಪ್ರಶ್ನೆ ಮಾತ್ರ ಕೇಳ್ತೀನಿ. ಏನು ಗೊತ್ತಿದೆ? ಏನು ಬೇಕು? ಎರಡು ಸಾಲನ್ನೂ ಪಕ್ಕಪಕ್ಕ ಇಟ್ಟರೆ ಏನು ಕಾಣುತ್ತೆ?

ಈ ಥರದ ಪ್ರಶ್ನೆಗಳು ನನ್ನವಲ್ಲ. ಹಂಗೇರಿಯಲ್ಲಿ ಹುಟ್ಟಿ, ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪಾಠ ಮಾಡಿದ ಜಾರ್ಜ್ ಪೋಲ್ಯಾ 1945ರಲ್ಲಿ 'ಹೌ ಟು ಸಾಲ್ವ್ ಇಟ್' ಅನ್ನೋ ಪುಸ್ತಕ ತಂದರು. ಸಮಸ್ಯೆ ಅರ್ಥ ಮಾಡಿಕೊ, ದಾರಿ ಯೋಚಿಸು, ಆ ದಾರೀಲಿ ನಡೆ, ಮುಗಿದ ಮೇಲೆ ತಿರುಗಿ ನೋಡು. ಈ ನಾಲ್ಕು ಹಂತಗಳನ್ನು ನಮ್ಮವರು ಪರೀಕ್ಷೆಗೆ ಬಾಯಿಪಾಠ ಮಾಡ್ತಾರೆ! ನಾಲ್ಕನೆಯದನ್ನು ಮಾಡುವವರು ಮಾತ್ರ ಅಪರೂಪ.

ಕೊನೆಗೂ ಯಾರಿಗೋ ಹೊಳೆಯುತ್ತೆ. ಎರಡೂ ಖರೀದಿ ಕೂಡಿಸಿದರೆ 16 ಮಾದಲ, 16 ಬೇಲ, ಒಟ್ಟು 208. ಅಂದರೆ ಒಂದು ಜೋಡಿಗೆ 13. ಒಂದರಿಂದ ಇನ್ನೊಂದನ್ನು ಕಳೆದರೆ ಎರಡು ಮಾದಲಕ್ಕೂ ಎರಡು ಬೇಲಕ್ಕೂ ವ್ಯತ್ಯಾಸ 6, ಒಂದಕ್ಕೆ 3. ಮೊತ್ತ 13, ವ್ಯತ್ಯಾಸ 3. ಆರನೇ ಕ್ಲಾಸಿಗೆ ಇಷ್ಟು ಸಾಕು.

ಹೋದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬರು ಅಭ್ಯಾಸ ಬೋಧನೆಗೆ ಇದೇ ಲೆಕ್ಕ ಆರಿಸಿಕೊಂಡರು. ಸರ್ಕಾರಿ ಶಾಲೆ, 40 ನಿಮಿಷದ ಪೀರಿಯಡ್. ಕೂಡಿಸಿ ಕಳೆಯುವ ದಾರಿಯನ್ನು ಚಾರ್ಟಿನಲ್ಲಿ ಬಣ್ಣಬಣ್ಣವಾಗಿ ಬರೆದು ತಂದಿದ್ದರು. ಹಿಂದಿನ ಬೆಂಚಿನಲ್ಲಿ ಅಂಕದ ಹಾಳೆ ಹಿಡಿದು ನಾನು.

ಚಾರ್ಟು ಬಿಚ್ಚುವ ಮೊದಲೇ ಒಬ್ಬ ಹುಡುಗ ಎದ್ದ. "ಮಿಸ್, ಎರಡು ಮಾದಲ ವಾಪಸ್ ಕೊಟ್ಟು ಎರಡು ಬೇಲ ತಗೊಂಡಿದಾರೆ, ಅದಕ್ಕೇ 6 ಕಮ್ಮಿ ಆಗಿದೆ. ಹಂಗಾದ್ರೆ ಎಲ್ಲಾ ಮಾದಲಾನೂ ವಾಪಸ್ ಕೊಟ್ಬಿಡ್ತೀನಿ."

ಆಕೆ ಒಮ್ಮೆ ನನ್ನ ಕಡೆ ನೋಡಿದರು. ಯೋಜನೆ ಪ್ರಕಾರ ಹೋದರೆ ಪೂರ್ತಿ ಅಂಕ. ಹುಡುಗನ ದಾರಿ ಎಲ್ಲಿಗೆ ಹೋಗುತ್ತೆ ಅಂತ ಆಕೆಗಿನ್ನೂ ಗೊತ್ತಿರಲಿಲ್ಲ, ಮುಖದಲ್ಲೇ ಕಾಣ್ತಿತ್ತು. "ಕೂತ್ಕೋ, ಆಮೇಲೆ ಹೇಳುವೆಯಂತೆ" ಅನ್ನಬಹುದಿತ್ತು. ಅನ್ನಲಿಲ್ಲ. ಚಾಕ್‌ಪೀಸ್ ಅವನ ಕೈಗೆ ಕೊಟ್ಟರು.

ಒಂದು ಅದಲುಬದಲಿಗೆ 3 ಕಮ್ಮಿ. ಒಂಬತ್ತಕ್ಕೆ 27. 107ರಲ್ಲಿ 27 ಹೋದರೆ 80. ಈಗ ಬುಟ್ಟಿಯಲ್ಲಿ ಇರೋದೆಲ್ಲ ಬೇಲವೇ, 16. ಒಂದಕ್ಕೆ 5.

"ಬೇಲಾನ ವಾಪಸ್ ಕೊಟ್ರೆ?" ಅಂತ ಕಿಟಕಿ ಪಕ್ಕದ ಹುಡುಗಿ ಕೇಳಿದಳು. ಟೀಚರ್ ಹೇಳಲಿಲ್ಲ, ಮಕ್ಕಳೇ ಮಾಡಿದರು. 107ಕ್ಕೆ 21 ಸೇರಿಸಿದರೆ 128. ಹದಿನಾರು ಮಾದಲ, ಒಂದಕ್ಕೆ 8. ಪೋಲ್ಯಾ ಹೇಳಿದ ನಾಲ್ಕನೇ ಹಂತ, ಯಾರೂ ಹೇಳಿಕೊಡದೇ!

ಬೆಲ್ ಆಯ್ತು. ಚಾರ್ಟು ಸುತ್ತಿದ ಹಾಗೇ ಇತ್ತು.

ನನ್ನ ಹಾಳೆಯಲ್ಲಿ ಕಪ್ಪುಹಲಗೆ ಬಳಕೆಗೆ, ಬೋಧನೋಪಕರಣಕ್ಕೆ, ಸಮಯ ಪಾಲನೆಗೆ ಕಾಲಂಗಳಿದ್ದವು. ಉಪಕರಣ ಬಳಸಿಲ್ಲ, ಯೋಜನೆ ಮುಗಿದಿಲ್ಲ. ಅಲ್ಲಿ ಅಂಕ ಕಳೆಯಲೇಬೇಕಾಯ್ತು. ಆ ಹುಡುಗನ ಕೈಗೆ ಚಾಕ್ ಕೊಟ್ಟಿದ್ದಕ್ಕೆ ಕಾಲಂ ಇರಲಿಲ್ಲ. ಹಾಳೆ ತಿರುಗಿಸಿ ಹಿಂದೆ ಬರೆದೆ, ಅರ್ಧ ಪುಟ.

ಸಂಜೆ ಆಕೆ ಸ್ಟಾಫ್ ರೂಮಿಗೆ ಬಂದರು. ಅಂಕದ ಬಗ್ಗೆ ಕೇಳ್ತಾರೇನೋ ಅಂದುಕೊಂಡೆ.

"ಮೇಡಂ, ಮುಂದಿನ ಪಾಠ ಯೋಜನೇಲಿ ಹತ್ತು ನಿಮಿಷ ಖಾಲಿ ಬಿಡಬಹುದಾ?"

"ಬಿಡಿ" ಅಂದೆ. ಆ ಪುಟ ಖಾಲಿ ಜಾಗದ ಸಮೇತ ನನ್ನ ಹತ್ತಿರ ಬಂತು, ಸಹಿ ಹಾಕಿ ಕೊಟ್ಟೆ.